ಪಕ್ಕದಲ್ಲಿರುವ ಸಂಗಾತಿ

ಪವಿತ್ರ ಕುರ್‌ಆನಿನ ಸೂರಃ ಅನ್ನಿಸಾದ 36ನೆಯ ಸೂಕ್ತವನ್ನು ನೀವು ಅನೇಕ ಸಲ ಓದಿರುತ್ತೀರಿ. ಅಲ್ಲಾಹನನ್ನು ಮಾತ್ರ ಆರಾಧಿಸಬೇಕೆಂಬ ಆದೇಶದ ಬೆನ್ನಿಗೇ, ಯಾರು ಯಾರೊಡನೆ ಒಳಿತಿನಿಂದ ವರ್ತಿಸಬೇಕೆಂಬುದು ಅಲ್ಲಿ ಒಂದೊಂದಾಗಿ ಬರುತ್ತದೆ. ತಂದೆತಾಯಿ, ಬಂಧುಗಳು, ಅನಾಥರು, ಬಡವರು, ಬಂಧುವಾದ ನೆರೆಯವನು, ಪರಕೀಯನಾದ ನೆರೆಯವನು, ಅನಂತರ ‘ಅಸ್ಸಾಹಿಬು ಬಿಲ್ ಜಂಬ್’, ಅದಾದ ಮೇಲೆ ದಾರಿಹೋಕ. ಈ ಅರಬಿ ಪದಗಳ ನೇರ ಅರ್ಥ ಪಕ್ಕದಲ್ಲಿರುವ ಸಂಗಾತಿ ಎಂದು. ಆ ಸಂಗಾತಿ ಯಾರು ಎಂಬ ಬಗ್ಗೆ ಕುರ್‌ಆನ್ ವ್ಯಾಖ್ಯಾನಕಾರರಲ್ಲಿ ಮುಖ್ಯವಾಗಿ ಎರಡು ಅಭಿಪ್ರಾಯಗಳಿವೆ. ಹ. ಇಬ್ನು ಅಬ್ಬಾಸ್(ರ) ಮತ್ತು ಅವರ ಶಿಷ್ಯರ ಪ್ರಕಾರ ಅದು ಪ್ರಯಾಣದ ಜೊತೆಗಾರ. ಹ. ಅಲೀ(ರ) ಮತ್ತು ಹ. ಇಬ್ನು ಮಸ್ಊದ್(ರ)ರಿಂದ ಉದ್ಧರಿಸಲ್ಪಟ್ಟಿರುವ ಪ್ರಕಾರ ಅದು ಪತ್ನಿ. ಇಮಾಮ್ ತಬರಿಯವರು ಎರಡನ್ನೂ ಉಲ್ಲೇಖಿಸಿ, ಪದವು ಎಲ್ಲರನ್ನೂ ಒಳಗೊಳ್ಳುವಷ್ಟು ವಿಶಾಲವಾಗಿದೆ ಎಂದಿದ್ದಾರೆ.

ಮದ್ರಸದ ಮಕ್ಕಳಿಗೆ ಈ ಪಾಠವನ್ನು ನಾನು ಹಲವು ವರ್ಷಗಳಿಂದ ಹೇಳುತ್ತಾ ಬಂದಿದ್ದೇನೆ. ಎರಡು ಅಭಿಪ್ರಾಯ ಎಂದು ಕಪ್ಪು ಹಲಗೆಯ ಮೇಲೆ ಎರಡು ಗೆರೆ ಎಳೆದು ಬರೆಸುತ್ತೇನೆ. ಆ ಎರಡೂ ಗೆರೆಗಳು ಒಂದೇ ಆಸನದ ಮೇಲೆ ಕುಳಿತಿರುವುದನ್ನು ನೋಡಲು ನಾನು ದೇವಿಕೊಪ್ಪಕ್ಕೆ ಹೋಗಬೇಕಾಯಿತು.

ಕಲಘಟಗಿ ದಾಟಿ ಯಲ್ಲಾಪುರದ ಕಡೆಗೆ ಹೊರಟವರಿಗೆ ದೇವಿಕೊಪ್ಪ ಗೊತ್ತು. ನವಲಗುಂದದ ಕಪ್ಪು ಮಣ್ಣಿನ ಬಯಲು ಎಲ್ಲಿಯೋ ಹಿಂದೆ ಉಳಿದು, ರಸ್ತೆಯ ಎರಡೂ ಬದಿಗೆ ಕಾಡು ಕೂಡಿಕೊಳ್ಳುವ ಜಾಗ. ಧಾರವಾಡ ಜಿಲ್ಲೆ ಇಲ್ಲಿಗೆ ಮುಗಿಯುತ್ತಾ ಬಂದು, ಸ್ವಲ್ಪ ದೂರದಲ್ಲೇ ಉತ್ತರ ಕನ್ನಡ ಶುರುವಾಗುತ್ತದೆ. ಕಳೆದ ಚಳಿಗಾಲದ ಒಂದು ಸಂಜೆ, ಮಗ್ರಿಬ್ ನಮಾಝ್ ಮುಗಿಸಿ ಊರಿಗೆ ಮರಳುವ ಬಸ್ಸಿಗಾಗಿ ನಾನು ಅಲ್ಲಿನ ಚಹಾದ ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದೆ. ಒಂದು ಹಳೆಯ ಬಿಳಿ ಕಾರು ಬಂದು ನಿಂತಿತು. ಅರುವತ್ತೆಂಟರ ಸುಮಾರಿನ ಹಿರಿಯರೊಬ್ಬರು ಇಳಿದು, ಎರಡೂ ಕೈಗಳಿಂದ ಕಣ್ಣುಜ್ಜಿಕೊಂಡು, ಬಾಗಿಲನ್ನು ಹಿಡಿದೇ ಸ್ವಲ್ಪ ಹೊತ್ತು ನಿಂತರು. ಇನ್ನೊಂದು ಬದಿಯಿಂದ ಅವರ ಪತ್ನಿ ಇಳಿದರು. ಹಿಂದಿನ ಆಸನದ ತುಂಬ ಚೀಲಗಳು, ಒಂದು ಅಕ್ಕಿಯ ಮೂಟೆ, ಹಗ್ಗದಿಂದ ಬಿಗಿದ ಒಂದು ಸ್ಟೀಲಿನ ಡಬ್ಬಿ.

ಅವರು ಬರುತ್ತಿದ್ದುದು ವಿಜಯಪುರದಿಂದ. ಅಲ್ಲಿ ಮಗಳ ಮನೆಯಲ್ಲಿ ಮೊಮ್ಮಗನ ಅಕೀಕಾ. ಹತ್ತು ದಿನ ಇದ್ದು ಹೊರಟಿದ್ದರು. ಊರು ಕಾರವಾರದ ಹತ್ತಿರ. ವಿಜಯಪುರದಿಂದ ಅಂಕೋಲಾದವರೆಗೆ ಈಗ ಒಂದೇ ರಾಷ್ಟ್ರೀಯ ಹೆದ್ದಾರಿ, ಸಂಖ್ಯೆ 52. ನಮ್ಮ ಹಿರಿಯರ ಬಾಯಲ್ಲಿ ಇದು ಹುಬ್ಬಳ್ಳಿಯವರೆಗೆ 218, ಆಮೇಲೆ 63. ಸಂಖ್ಯೆ ಒಂದಾದರೂ ದಾರಿ ಒಂದಲ್ಲ. ಕೊಲ್ಹಾರದ ಸೇತುವೆಯಿಂದ ನರಗುಂದ, ನವಲಗುಂದದವರೆಗೆ ಬಯಲು, ಕಲಘಟಗಿಯಾಚೆ ಕಾಡು, ಯಲ್ಲಾಪುರದಾಚೆ ಅರಬೈಲ್ ಘಟ್ಟ. ಒಟ್ಟು ಮುನ್ನೂರೈವತ್ತು ಕಿಲೋಮೀಟರಿನಷ್ಟು ದಾರಿಯಲ್ಲಿ ಕಠಿಣವಾದದ್ದೆಲ್ಲವೂ ಕೊನೆಯ ನೂರಿಪ್ಪತ್ತು ಕಿಲೋಮೀಟರಿನಲ್ಲಿದೆ. ಅದನ್ನು ಅವರು ಕತ್ತಲಲ್ಲಿ ದಾಟುವುದಿತ್ತು.

ನನ್ನ ಟೋಪಿ ಮತ್ತು ಗಡ್ಡವನ್ನು ನೋಡಿ ಹಿರಿಯರು ಸಲಾಮ್ ಹೇಳಿ ಹತ್ತಿರ ಬಂದರು. ಮಗ್ರಿಬ್ ಎಲ್ಲಿ ಮಾಡಬಹುದು ಎಂದು ಕೇಳಿದರು. ತೋರಿಸಿದೆ. ನಮಾಝ್ ಮುಗಿಸಿ ಬಂದು ನನಗೂ ಚಹಾ ಹೇಳಿ ಒಂದು ಮಸ್ಅಲಾ ಕೇಳಿದರು. ಮಗಳ ಮನೆಯಲ್ಲಿದ್ದ ಹತ್ತು ದಿನ ತಾನು ಖಸ್ರ್ ಮಾಡಿದ್ದು ಸರಿಯೇ? ಮಗಳ ಮನೆಯೆಂದರೆ ಸ್ವಂತ ಮನೆಯೇ ಅಲ್ಲವೇ ಎಂದು ಅಳಿಯನ ಕಡೆಯವರೊಬ್ಬರು ಆಕ್ಷೇಪಿಸಿದ್ದರಂತೆ.

ಇಂತಹ ಪ್ರಶ್ನೆ ಬಂದರೆ ನಮ್ಮಂತಹ ಮೌಲವಿಗಳಿಗೆ ಹುರುಪು ಏರುತ್ತದೆ. ನಾನು ವಿವರಿಸತೊಡಗಿದೆ. ಹನಫಿ ಮಝ್‌ಹಬ್ ಪ್ರಕಾರ ಮೂರು ದಿನಗಳ ಹಾದಿಯಷ್ಟು ದೂರಕ್ಕೆ ಹೊರಟವನು ಮುಸಾಫಿರ್. ನಮ್ಮ ಕಡೆಯ ಬಹಳಷ್ಟು ಉಲಮಾಗಳು ಅದನ್ನು 48 ಮೈಲಿ, ಅಂದರೆ ಸುಮಾರು 77 ಕಿಲೋಮೀಟರ್ ಎಂದು ಲೆಕ್ಕ ಹಾಕಿದ್ದಾರೆ. ಇದಕ್ಕಿಂತ ಹೆಚ್ಚು ಹೇಳಿದವರೂ ಇದ್ದಾರೆ. ಹೋದ ಊರಲ್ಲಿ ಹದಿನೈದು ದಿನ ಅಥವಾ ಹೆಚ್ಚು ತಂಗುವ ಸಂಕಲ್ಪವಿಲ್ಲದಿದ್ದರೆ ಝುಹ್ರ್, ಅಸ್ರ್, ಇಶಾ ಎರಡೆರಡೇ ರಕಅತ್. ಸ್ಥಳೀಯ ಇಮಾಮರ ಹಿಂದೆ ನಿಂತರೆ ಮಾತ್ರ ನಾಲ್ಕು ಪೂರ್ತಿ. ಫಜ್ರ್, ಮಗ್ರಿಬ್‌ಗಳಲ್ಲಿ ಕಡಿತವಿಲ್ಲ. ಮಗಳ ಮನೆ ಎಷ್ಟೇ ಪ್ರೀತಿಯದ್ದಾದರೂ ಅದು ನಿಮ್ಮ ವತನ್ ಆಗುವುದಿಲ್ಲ, ಆದ್ದರಿಂದ ನೀವು ಮಾಡಿದ್ದು ಸರಿ. ಕರಾವಳಿಯ ಶಾಫಿಈ ಸಹೋದರರಲ್ಲಿ ತಂಗುವ ಅವಧಿಯ ಲೆಕ್ಕ ನಾಲ್ಕು ದಿನ. ಎರಡು ನಮಾಝುಗಳನ್ನು ಕೂಡಿಸಿ ಮಾಡುವ ಅನುಮತಿಯೂ ಅವರಲ್ಲಿದೆ. ಹನಫಿಗಳಲ್ಲಿ ಹಜ್ಜಿನ ಅರಫಾ ಮತ್ತು ಮುಝ್ದಲಿಫಾ ಹೊರತು ಅದಿಲ್ಲ. ನಾನು ಹೇಳುತ್ತಲೇ ಇದ್ದೆ. ಚಹಾ ತಣ್ಣಗಾಯಿತು, ಕತ್ತಲೂ ಆಯಿತು.

ಆಗ, ಅಷ್ಟರವರೆಗೆ ಸುಮ್ಮನಿದ್ದ ಆ ತಾಯಿ ಕೇಳಿದರು: “ಮೌಲವಿಸಾಬ್, ನನ್ನದೊಂದು ಪ್ರಶ್ನೆ. ಇವರು ಗಾಡಿ ಓಡಿಸುವಾಗ ನಿಲ್ಲಿಸಿ ಎಂದು ನಾನು ಹೇಳಿದರೆ ಅದು ಗಂಡನಿಗೆ ಎದುರು ಮಾತನಾಡಿದ ಹಾಗೆ ಆಗುತ್ತದೆಯೇ? ನವಲಗುಂದದಿಂದ ಮೂರು ಸಲ ಹೇಳಿದ್ದೇನೆ.”

ಹಿರಿಯರು ನಕ್ಕರು. ಅವರಿಗೆ ಒಂದು ಕಣ್ಣಿನ ಪೊರೆಯ ಶಸ್ತ್ರಕ್ರಿಯೆ ಆಗಿದೆ, ಇನ್ನೊಂದರದ್ದು ಆಗಬೇಕಿದೆ ಎಂದು ಆಕೆಯೇ ಹೇಳಿದರು. ಹುಬ್ಬಳ್ಳಿ ದಾಟಿದ ಮೇಲೆ ಒಮ್ಮೆ ತಲೆ ಮುಂದಕ್ಕೆ ವಾಲಿತ್ತು, ತಾನು ತೋಳು ಹಿಡಿದು ಎಬ್ಬಿಸಿದೆ ಎಂದೂ ಹೇಳಿದರು. “ಅದು ನಿದ್ರೆಯಲ್ಲ” ಎಂದರು ಹಿರಿಯರು. ಅಂಗಡಿಯವ ಗ್ಲಾಸು ತೊಳೆಯುತ್ತಾ, “ಅಜ್ಜಾರ, ಮುಂದ ಪೂರಾ ಅಡವಿ ಐತ್ರಿ, ಆಮ್ಯಾಲ ಘಟ್ಟ. ಯಲ್ಲಾಪುರದಾಗ ಉಳೀರಿ” ಎಂದ. ಹಿರಿಯರು ನನ್ನ ಕಡೆ ತಿರುಗಿ, ಕೆಲಸ ಮುಗಿದೊಡನೆ ಪ್ರಯಾಣಿಕನು ಬೇಗನೆ ಮನೆಯವರ ಬಳಿಗೆ ಮರಳಬೇಕೆಂದು ಪ್ರವಾದಿವರ್ಯರೇ(ಸ) ಹೇಳಿಲ್ಲವೇ ಎಂದರು. ಹದೀಸ್ ಸರಿಯಾಗಿಯೇ ಇತ್ತು.

ನಾನು ಆ ತಾಯಿಗೆ ಕೊಟ್ಟ ಉತ್ತರವನ್ನು ಇಲ್ಲಿ ಬರೆಯಲು ಸಂಕೋಚವಾಗುತ್ತದೆ. ಹೇಳುವುದರಲ್ಲಿ ಪಾಪವಿಲ್ಲ ಅಮ್ಮಾ, ಆದರೆ ಮೆಲ್ಲಗೆ ಹೇಳಿ, ಓಡಿಸುವವರ ಮನಸ್ಸು ಕದಡಬಾರದು ಎಂದೆ. ಆಕೆ ತಲೆದೂಗಿದರು. ಏನಾದರೂ ಬೇಕಾದರೆ ಕರೆಯಿರೆಂದು ಫೋನ್ ಸಂಖ್ಯೆ ಕೊಟ್ಟೆ. ಕಾರು ಹೊರಟು ಅದರ ಕೆಂಪು ದೀಪ ತಿರುವಿನಲ್ಲಿ ಮರೆಯಾದ ಮೇಲೆ ನನಗೆ ಹೊಳೆಯಿತು: ಕೇಳಿದ್ದು ಆಕೆಯಾದರೂ ಉತ್ತರ ಹೇಳಬೇಕಾಗಿದ್ದುದು ಆತನಿಗೆ. ವಯಸ್ಸಿನಲ್ಲಿ ಹಿರಿಯರು, ಚಹಾ ಕೊಡಿಸಿದವರು, ಹದೀಸ್ ಬಲ್ಲವರು ಎಂಬ ದಾಕ್ಷಿಣ್ಯದಿಂದ ನಾನು ಹೊರೆಯನ್ನೆಲ್ಲ ಆ ತಾಯಿಯ ಮೇಲೆಯೇ ಹೊರಿಸಿ ಕಳಿಸಿದ್ದೆ. ಅಂದು ಹೇಳದೆ ಉಳಿದದ್ದನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ. ನಿಮ್ಮಲ್ಲಿಯೂ ಎಷ್ಟೋ ಮನೆಗಳ ಹಿರಿಯರು ಇದೇ ರೀತಿ ಸ್ಟೇರಿಂಗ್ ಹಿಡಿದು ಹೊರಡುವವರಿದ್ದಾರೆ.

ಮೊದಲು ಅವರು ಹೇಳಿದ ಹದೀಸನ್ನೇ ನೋಡೋಣ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಹ. ಅಬೂಹುರೈರಾ(ರ)ರಿಂದ ಅದು ವರದಿಯಾಗಿದೆ. ಪ್ರಯಾಣವು ಯಾತನೆಯ ಒಂದು ತುಣುಕು, ಅದು ಮನುಷ್ಯನ ಊಟ, ನೀರು, ನಿದ್ರೆಯನ್ನು ತಡೆಯುತ್ತದೆ, ಆದ್ದರಿಂದ ಉದ್ದೇಶ ಈಡೇರಿದ ಮೇಲೆ ಬೇಗನೆ ತನ್ನ ‘ಅಹ್ಲ್’ ಕಡೆಗೆ ಮರಳಲಿ ಎಂಬುದು ಅದರ ತಾತ್ಪರ್ಯ. ಬೇಗ ಎಂಬುದು ಇಲ್ಲಿ ಹೊರಡುವುದಕ್ಕೆ ಸಂಬಂಧಿಸಿದ ಮಾತು; ಕೆಲಸವಿಲ್ಲದೆ ಪರಸ್ಥಳದಲ್ಲಿ ದಿನ ದೂಡಬೇಡ ಎಂದು. ನಿದ್ರೆ ಕೆಡುವುದನ್ನು ಯಾತನೆಯೆಂದು ಎಣಿಸಿದ ಹದೀಸನ್ನು ನಿದ್ರೆಗೆಟ್ಟು ಓಡಿಸುವುದಕ್ಕೆ ಪುರಾವೆಯಾಗಿ ತರುವುದು ಹೇಗೆ? ಇನ್ನು ‘ಅಹ್ಲ್’ ಎಂದರೆ ಮನೆಯವರು. ಅರಬಿಯಲ್ಲಿ ಪತ್ನಿಗೂ ಅದೇ ಪದ. ಆ ಹಿರಿಯರ ಮಕ್ಕಳಲ್ಲಿ ಒಬ್ಬಳು ವಿಜಯಪುರದಲ್ಲಿ, ಒಬ್ಬ ಗಲ್ಫಿನಲ್ಲಿ. ಕಾರವಾರದ ಮನೆಗೆ ಹತ್ತು ದಿನಗಳಿಂದ ಬೀಗ. ಅಲ್ಲಿ ಅವರಿಗಾಗಿ ಕಾಯುವವರು ಯಾರೂ ಇರಲಿಲ್ಲ. ಯಾವ ಅಹ್ಲ್ ಕಡೆಗೆ ಅವರು ಅಷ್ಟು ಅವಸರದಿಂದ ಹೊರಟಿದ್ದರೋ ಆ ಅಹ್ಲ್ ಅವರ ಎಡಗಡೆಯ ಆಸನದಲ್ಲಿ ಕುಳಿತು, ನಿಲ್ಲಿಸಿ ಎನ್ನುತ್ತಿದ್ದರು.

ದೀರ್ಘ ಕಾಲ ಹೊರಗಿದ್ದವನು ರಾತ್ರಿ ಹೊತ್ತು ಹಠಾತ್ತನೆ ಮನೆಯವರ ಮೇಲೆ ಬಂದಿಳಿಯಬಾರದೆಂದು ಪ್ರವಾದಿವರ್ಯರು(ಸ) ತಡೆದ ಹದೀಸ್ ಹ. ಜಾಬಿರ್(ರ)ರಿಂದ ಬಂದಿದೆ. ಇಂದು ಫೋನಿರುವುದರಿಂದ ಅದರ ಹಿಂದಿನ ಕಾರಣ ಬಹುಮಟ್ಟಿಗೆ ಇಲ್ಲದಾಗಿದೆ, ನಿಜ. ಆದರೆ ರಾತ್ರಿಯೇ ಮುಟ್ಟಲೇಬೇಕೆಂಬ ಹಠಕ್ಕೆ ಸುನ್ನತ್ತಿನ ಬೆಂಬಲವಿಲ್ಲ ಎಂಬುದಂತೂ ಅದರಿಂದ ತಿಳಿಯುತ್ತದೆ.

ಈಗ ನಿದ್ರೆಯ ವಿಷಯ. ಸಹೀಹ್ ಮುಸ್ಲಿಮಿನಲ್ಲಿ ಹ. ಅಬೂ ಕತಾದಾ(ರ) ಹೇಳಿದ ಒಂದು ದೀರ್ಘ ವರದಿಯಿದೆ. ರಾತ್ರಿಯಿಡೀ ನಡೆದ ಪ್ರಯಾಣ. ಪ್ರವಾದಿವರ್ಯರ(ಸ) ಪಕ್ಕದಲ್ಲಿಯೇ ಅಬೂ ಕತಾದಾ ಸವಾರಿಯ ಮೇಲೆ ಸಾಗುತ್ತಿದ್ದರು. ನಡುರಾತ್ರಿಯಲ್ಲಿ ಪ್ರವಾದಿವರ್ಯರಿಗೆ(ಸ) ತೂಕಡಿಕೆ ಬಂದು ಒಂದು ಬದಿಗೆ ವಾಲಿದರು. ಅಬೂ ಕತಾದಾ ಎಬ್ಬಿಸದೆಯೇ ಕೈಯಾಸರೆ ಕೊಟ್ಟು ಸರಿಯಾಗಿ ಕೂರಿಸಿದರು. ಮತ್ತೊಮ್ಮೆ ಹಾಗಾಯಿತು, ಮತ್ತೆ ಆಸರೆ ಕೊಟ್ಟರು. ಬೆಳಗಿನ ಜಾವದ ಹೊತ್ತಿಗೆ ಮೂರನೆಯ ಸಲ ಬೀಳುವಷ್ಟು ವಾಲಿದಾಗಲೂ ಹಿಡಿದರು. ಆಗ ತಲೆಯೆತ್ತಿ ಯಾರೆಂದು ಕೇಳಿದರು. ಎಂದಿನಿಂದ ಹೀಗೆ ಜೊತೆಯಲ್ಲಿದ್ದೀಯೆಂದು ವಿಚಾರಿಸಿದರು. ತಮ್ಮನ್ನು ಕಾಪಾಡಿದ್ದಕ್ಕಾಗಿ ಅಲ್ಲಾಹನು ಆತನನ್ನು ಕಾಪಾಡಲೆಂದು ಪ್ರಾರ್ಥಿಸಿದರು. ಅನಂತರ ಏನಾಯಿತೆಂಬುದನ್ನು ಗಮನಿಸಿ. ಇನ್ನೂ ಸ್ವಲ್ಪ ದೂರವಿದೆ, ಹೇಗೋ ಹೋಗೋಣ ಎನ್ನಲಿಲ್ಲ. ದಾರಿಯಿಂದ ಬದಿಗೆ ಸರಿದು, ನಮಾಝಿನ ಸಮಯಕ್ಕೆ ಎಚ್ಚರವಿರಲಿ ಎಂದು ಅನುಚರರಿಗೆ ಸೂಚಿಸಿ ಮಲಗಿದರು. ಎಲ್ಲರಿಗೂ ಎಷ್ಟು ಗಾಢ ನಿದ್ರೆ ಹತ್ತಿತೆಂದರೆ, ಬೆನ್ನ ಮೇಲೆ ಬಿಸಿಲು ಬಿದ್ದ ಮೇಲೆಯೇ ಎಚ್ಚರವಾದದ್ದು. ಆಗ ನಮಾಝ್ ನಿರ್ವಹಿಸಿದರು. ಅನುಚರರು ಕಳವಳಗೊಂಡಾಗ, ನಿದ್ರೆಯಿಂದಾದದ್ದು ನಿರ್ಲಕ್ಷ್ಯವಲ್ಲವೆಂದು ಸಮಾಧಾನ ಹೇಳಿದರು.

ಜಗತ್ತಿನ ನಾಯಕರು ತೂಕಡಿಸಿದ್ದನ್ನು ಪಕ್ಕದವರು ಕಂಡರು, ಹೇಳಿದರು. ಅದರಿಂದ ಅವರ ಘನತೆ ಕುಂದಲಿಲ್ಲ. ಹಾಗಿರುವಾಗ ‘ಅದು ನಿದ್ರೆಯಲ್ಲ’ ಎನ್ನುವ ಅಗತ್ಯ ನಮಗೇಕೆ? ಇನ್ನೊಂದು ಮಾತು. ಒಂಟೆಗೆ ತನ್ನದೇ ಕಣ್ಣಿದೆ, ತನ್ನದೇ ಜೀವಭಯವಿದೆ. ಸವಾರ ತೂಕಡಿಸಿದರೂ ಅದು ಕಂದಕಕ್ಕೆ ಕಾಲಿಡುವುದಿಲ್ಲ. ಕಾರಿಗೆ ಓಡಿಸುವವನ ಕಣ್ಣಲ್ಲದೆ ಬೇರೆ ಕಣ್ಣಿಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅದು ಒಂದು ಸೆಕೆಂಡಿಗೆ ಹದಿನಾರು ಮೀಟರಿಗಿಂತ ಹೆಚ್ಚು ಸಾಗುತ್ತದೆ. ಮೂರೇ ಸೆಕೆಂಡು ರೆಪ್ಪೆ ಮುಚ್ಚಿದರೆ ಐವತ್ತು ಮೀಟರ್. ಅರಬೈಲಿನ ತಿರುವುಗಳಲ್ಲಿ ಐವತ್ತು ಮೀಟರ್ ನೇರ ರಸ್ತೆ ಎಷ್ಟು ಕಡೆ ಸಿಗುತ್ತದೆಂದು ಆ ಘಟ್ಟ ಇಳಿದವರನ್ನು ಕೇಳಿ.

ನಮಾಝಿನಲ್ಲಿ ತೂಕಡಿಕೆ ಬಂದವನು ನಿದ್ರೆ ಹರಿಯುವವರೆಗೆ ಮಲಗಲಿ, ಇಲ್ಲವಾದರೆ ಕ್ಷಮೆ ಬೇಡಲು ಹೋಗಿ ಅರಿವಿಲ್ಲದೆ ತನ್ನನ್ನೇ ಶಪಿಸಿಕೊಂಡಾನು ಎಂಬ ಅರ್ಥದ ಹದೀಸ್ ಹ. ಆಇಶಾ(ರ)ರಿಂದ ಬಂದಿದೆ. ಅಲ್ಲಾಹನ ಮುಂದೆ ನಿಂತಿರುವಾಗಲೇ ತೂಕಡಿಸುವವನಿಗೆ ಮಲಗೆಂದು ಆಜ್ಞೆಯಿದ್ದ ಮೇಲೆ, ಎದುರಿನಿಂದ ಲಾರಿ ಬರುತ್ತಿರುವಾಗ ತೂಕಡಿಸುವವನಿಗೆ ಬೇರೆ ಫತ್ವಾ ಬೇಕೇ?

ವಯಸ್ಸಾದ ಕಣ್ಣಿನ ಬಗ್ಗೆಯೂ ಸ್ವಲ್ಪ ತಿಳಿದಿರಲಿ. ಪ್ರಾಯ ಹೆಚ್ಚಿದಂತೆ ಕಣ್ಣಿನ ಪಾಪೆ ಕತ್ತಲಲ್ಲಿ ಮೊದಲಿನಷ್ಟು ಅಗಲಿಸುವುದಿಲ್ಲ. ಒಳಗಿನ ಮಸೂರ ಹಳದಿಯಾಗಿ ಮಸುಕಾಗುತ್ತದೆ. ಇಪ್ಪತ್ತರ ಹರೆಯದಲ್ಲಿ ಕಣ್ಣಿನ ಒಳಪರದೆಗೆ ಮುಟ್ಟುತ್ತಿದ್ದ ಬೆಳಕಿನ ಮೂರನೆಯ ಒಂದು ಪಾಲಿನಷ್ಟು ಮಾತ್ರ ಅರುವತ್ತರಲ್ಲಿ ಮುಟ್ಟುತ್ತದೆಂದು ನೇತ್ರತಜ್ಞರ ಅಂದಾಜು. ಪೊರೆ ಇದ್ದವರಿಗೆ ಎದುರಿನ ದೀಪ ಒಡೆದು ಚದುರಿ ಕಣ್ಣ ತುಂಬ ಹರಡುತ್ತದೆ, ಅದು ದಾಟಿ ಹೋದ ಮೇಲೂ ಕೆಲವು ಕ್ಷಣ ರಸ್ತೆ ಕಾಣುವುದಿಲ್ಲ. ಹಗಲಿನಲ್ಲಿ ಚೆನ್ನಾಗಿ ಓಡಿಸುವವರು ರಾತ್ರಿ ತಡವರಿಸುವುದು ಈ ಕಾರಣದಿಂದ. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ತಿದ್ದುಪಡಿಯಾದ ಮೇಲೆ, 55 ದಾಟಿದವರಿಗೆ ಲೈಸೆನ್ಸ್ ಸಿಗುವುದು ಐದು ವರ್ಷಕ್ಕೆ ಮಾತ್ರ; ನವೀಕರಣಕ್ಕೆ ವೈದ್ಯರ ಪ್ರಮಾಣಪತ್ರ ಬೇಕು. ಅದನ್ನು ಪರಿಚಯದ ಡಾಕ್ಟರರಿಂದ ನಿಂತ ಕಾಲಿನಲ್ಲಿ ಸಹಿ ಹಾಕಿಸಿಕೊಳ್ಳುವುದು ನಮ್ಮಲ್ಲಿ ರೂಢಿಯಾಗಿದೆ. ಇದೊಂದು ಸುಳ್ಳು ಸಾಕ್ಷಿಯೆಂದು ಎಷ್ಟು ಮಂದಿಗೆ ಅನಿಸಿದೆಯೋ!

ಯುವಕರಿಗೂ ಈ ದಾರಿ ಸಲೀಸಲ್ಲ. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾದ ಸಂತೆಗೆ ಹಣ್ಣು-ತರಕಾರಿ ಹೇರಿಕೊಂಡು, ವ್ಯಾಪಾರಿಗಳನ್ನೂ ಕೂರಿಸಿಕೊಂಡು ಹೊರಟಿದ್ದ ಲಾರಿ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಹತ್ತಿರ ಕಂದಕಕ್ಕೆ ಉರುಳಿ 10 ಮಂದಿ ಪ್ರಾಣ ಕಳೆದುಕೊಂಡರು. ಆ ಸುದ್ದಿ ಬಂದಾಗ ಸವಣೂರಿನ ಮನೆಗಳಲ್ಲಿ ಎದ್ದ ಗೋಳು ನಮ್ಮ ಕಡೆಯವರ ಕಿವಿಯಲ್ಲಿ ಇನ್ನೂ ಇದೆ.

ಇನ್ನು ಆ ತಾಯಿಯ ಪ್ರಶ್ನೆ. ಪತ್ನಿಯ ಸಲಹೆಯನ್ನು ಪ್ರಯಾಣದಲ್ಲಿ ಕೇಳುವುದು ಗಂಡಸುತನಕ್ಕೆ ಕುಂದೆಂದು ಭಾವಿಸುವವರು ಹಿಜ್ರಿ 6ರ ಹುದೈಬಿಯಾವನ್ನು ನೆನೆಯಬೇಕು. ಅದೂ ಒಂದು ಪ್ರಯಾಣವೇ. ಉಮ್ರಾ ನಡೆಯದೆ ಊರಿಗೆ ಮರಳಬೇಕಾಗಿದ್ದ ಪ್ರಯಾಣ. ಬಲಿ ನೀಡಿ ತಲೆ ಬೋಳಿಸಿಕೊಳ್ಳಿರೆಂದು ಪ್ರವಾದಿವರ್ಯರು(ಸ) ಮೂರು ಸಲ ಹೇಳಿದರೂ ದುಃಖದಲ್ಲಿದ್ದ ಅನುಚರರು ಏಳಲಿಲ್ಲ. ಅವರು ಡೇರೆಯೊಳಗೆ ಹೋಗಿ ಪತ್ನಿ ಹ. ಉಮ್ಮು ಸಲಮಾ(ರ)ರ ಮುಂದೆ ವಿಷಯ ಹೇಳಿದರು. ಯಾರೊಡನೆಯೂ ಮಾತನಾಡದೆ ತಾವೇ ಮೊದಲು ಹೋಗಿ ಬಲಿ ನೀಡಿ, ಕ್ಷೌರಿಕನನ್ನು ಕರೆಯಿರಿ ಎಂದು ಆ ಮಹಿಳೆ ಸೂಚಿಸಿದರು. ಹಾಗೆಯೇ ಮಾಡಿದರು, ಅದನ್ನು ಕಂಡು ಎಲ್ಲರೂ ಎದ್ದರು. ಆಕೆ ಹೇಳಿದ್ದು ಎದುರು ಮಾತೆಂದು ಯಾವ ವಿದ್ವಾಂಸನೂ ಬರೆದಿಲ್ಲ.

ವಾಹನ ನಡೆಸುವವನಿಗೇ ನೇರವಾಗಿ ಹೇಳಿದ ಮಾತೂ ಇದೆ. ಒಂದು ಪ್ರಯಾಣದಲ್ಲಿ ಮಹಿಳೆಯರಿದ್ದ ಒಂಟೆಗಳನ್ನು ಅಂಜಶಾ ಎಂಬ ಸೇವಕ ಹಾಡುತ್ತಾ ಚುರುಕಾಗಿ ಓಡಿಸುತ್ತಿದ್ದ. ಪ್ರವಾದಿವರ್ಯರು(ಸ) ಆತನನ್ನು ಹೆಸರು ಹಿಡಿದು ಕರೆದು, ಮೇಲಿರುವವರು ಗಾಜಿನ ಪಾತ್ರೆಗಳೆಂಬ ಎಚ್ಚರವಿರಲಿ, ಮೆಲ್ಲಗೆ ನಡೆಸು ಎಂದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಮೆಲ್ಲಗೆ ಎಂಬ ಮಾತನ್ನು ಅವರು ಹೇಳಿದ್ದು ಓಡಿಸುವವನಿಗೆ. ನಾನು ಅದನ್ನು ದೇವಿಕೊಪ್ಪದಲ್ಲಿ ಕುಳಿತವಳಿಗೆ ಹೇಳಿದೆ!

ಮಕ್ಕಳೇ, ಅಳಿಯಂದಿರೇ, ನಿಮಗೂ ಪಾಲಿದೆ. ಮಧ್ಯಾಹ್ನದ ಬಿರಿಯಾನಿ ಉಣ್ಣಿಸಿ, ಬಾಗಿಲಲ್ಲಿ ಒಂದು ಗಂಟೆ ಬೀಳ್ಕೊಟ್ಟು, ಅಕ್ಕಿಮೂಟೆ ಏರಿಸಿ, ಎರಡರ ಬಿಸಿಲಿನಲ್ಲಿ ಎಪ್ಪತ್ತರ ಹತ್ತಿರದವರನ್ನು ಮುನ್ನೂರೈವತ್ತು ಕಿಲೋಮೀಟರಿಗೆ ಕಳಿಸುವುದು ಎಂತಹ ಸತ್ಕಾರ? ಮುಂಜಾನೆಯ ಹೊತ್ತಿನಲ್ಲಿ ಸಮುದಾಯಕ್ಕೆ ಬರ್ಕತ್ ಇರಲೆಂದು ಪ್ರವಾದಿವರ್ಯರು(ಸ) ಪ್ರಾರ್ಥಿಸಿದ್ದನ್ನೂ, ದಳಗಳನ್ನು ದಿನದ ಮೊದಲ ಭಾಗದಲ್ಲೇ ಕಳಿಸುತ್ತಿದ್ದುದನ್ನೂ ಅಬೂದಾವೂದ್, ತಿರ್ಮಿದಿ ವರದಿ ಮಾಡಿದ್ದಾರೆ. ಫಜ್ರ್ ನಮಾಝ್ ಮುಗಿಸಿ ಹೊರಟಿದ್ದರೆ ಅವರು ಘಟ್ಟವನ್ನು ಹಗಲು ಬೆಳಕಿನಲ್ಲಿ ಇಳಿಯುತ್ತಿದ್ದರು. ಅಕೀಕಾಕ್ಕೆ ಖರ್ಚು ಮಾಡಿದ್ದರಲ್ಲಿ ಒಂದು ಸಣ್ಣ ಭಾಗಕ್ಕೆ ಒಂದು ದಿನದ ಬಾಡಿಗೆ ಚಾಲಕನೂ ಸಿಗುತ್ತಿದ್ದ. ಹಿರಿಯರು ಬೇಡವೆಂದೇ ಹೇಳುತ್ತಾರೆ. ಕೇಳಬೇಡಿ, ಕರೆಸಿ ನಿಲ್ಲಿಸಿ.

ದಾರಿಯಲ್ಲಿರುವವರಿಗೆ ಎರಡು ಮಾತು. ಪ್ರವಾದಿವರ್ಯರು(ಸ) ಸವಾರಿಯ ಮೇಲೆ ಕುಳಿತೇ ನಫಿಲ್ ನಿರ್ವಹಿಸುತ್ತಿದ್ದರು, ಆದರೆ ಫರ್ಝ್ ಬಂದಾಗ ಇಳಿಯುತ್ತಿದ್ದರು. ಫರ್ಝಿಗಾಗಿ ಇಳಿದಾಗ ನೀರು ಮುಖಕ್ಕೆ ಬೀಳುತ್ತದೆ, ಸೊಂಟ ನೇರವಾಗುತ್ತದೆ. ಖಸ್ರಿನಿಂದ ಉಳಿದ ಐದು ನಿಮಿಷವನ್ನು ರಸ್ತೆಗೆ ಕೊಡದೆ ಬೆನ್ನಿಗೆ ಕೊಡಿ. ರಾತ್ರಿ ತಂಗುವಾಗ ದಾರಿಯನ್ನು ಬಿಟ್ಟು ತಂಗಬೇಕೆಂದು ಮುಸ್ಲಿಮ್ ವರದಿಯಲ್ಲಿದೆ. ಅಂದು ಕಾರಣ ಪ್ರಾಣಿಗಳು, ವಿಷಜಂತುಗಳು. ಇಂದು ಹೆದ್ದಾರಿಯ ಅಂಚಿನಲ್ಲಿ ದೀಪವಿಲ್ಲದೆ ನಿಲ್ಲಿಸಿ ಮಲಗುವವರ ಮೇಲೆ ಬರುವುದು ಲಾರಿ.

ಆ ರಾತ್ರಿ ನಾನು ಮನೆಗೆ ಬಂದು ಊಟಕ್ಕೆ ಕುಳಿತರೂ ಅನ್ನ ಇಳಿಯಲಿಲ್ಲ. ಫೋನ್ ಸಂಖ್ಯೆ ಕೊಟ್ಟಿದ್ದೆನೇ ಹೊರತು ಅವರದ್ದನ್ನು ತೆಗೆದುಕೊಂಡಿರಲಿಲ್ಲ. ಒಂಬತ್ತೂವರೆಗೆ ಫೋನ್ ಬಂತು. ಆ ತಾಯಿಯದೇ ಧ್ವನಿ. ಕಿರವತ್ತಿ ದಾಟಿದ ಮೇಲೆ ಎದುರಿನ ಲಾರಿಯ ಬೆಳಕಿಗೆ ರಸ್ತೆ ಕಾಣದೆ ಕಾರಿನ ಎರಡು ಚಕ್ರ ಮಣ್ಣಿಗಿಳಿಯಿತಂತೆ. ಅಲ್ಲಿ ಸ್ವಲ್ಪ ಹೊತ್ತು ನಿಂತಿದ್ದರಂತೆ. “ನಾನು ಏನೂ ಅನ್ನಲಿಲ್ಲ” ಎಂದರು ಆಕೆ. ಅಲ್ಲಿಂದ ಯಲ್ಲಾಪುರದವರೆಗೆ ಮೂವತ್ತರ ವೇಗದಲ್ಲಿ ಬಂದು ಒಂದು ಲಾಡ್ಜಿನಲ್ಲಿ ಉಳಿದಿದ್ದಾರೆ. ಹಾಸಿಗೆ ಸರಿಯಿಲ್ಲವೆಂದು ಹಿರಿಯರು ಹಿಂದಿನಿಂದ ಗೊಣಗುತ್ತಿರುವುದು ನನಗೂ ಕೇಳಿಸಿತು.

“ಇವರು ಕೇಳು ಎನ್ನುತ್ತಿದ್ದಾರೆ,” ಎಂದರು ಆಕೆ, “ಇಲ್ಲಿ ಇಶಾ ಎಷ್ಟು?”

ಎರಡು, ಆಮೇಲೆ ವಿತ್ರ್ ಮೂರು ಎಂದೆ. ಬೆಳಿಗ್ಗೆ ಬಿಸಿಲು ಬಂದ ಮೇಲೆ ಹೊರಡಿ, ಇದನ್ನು ಅವರಿಗೆ ನಾನೇ ಹೇಳುತ್ತೇನೆ, ಫೋನ್ ಕೊಡಿ ಎಂದೆ.